ಮೂರೂ ಹತ್ತರ ಕಚ್ಚು

ಮೊದಲು ಒಲೆಯ ಗಡಿಯಾರ ಹೇಳಿತು:
ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ.
ನಾನು ಸಮಯ ತಿದ್ದುವೆ, ಅದು ಮರೆಯುತ್ತದೆ.
ಫ್ರಿಜ್ಜು ಬಿಕ್ಕುತ್ತದೆ. ಟ್ಯೂಬ್‌ಲೈಟು
ರೆಪ್ಪೆ ಬಡಿದು, ಏನೂ ಆಗಿಲ್ಲವೆಂಬ ಮುಖ ಮಾಡುತ್ತದೆ.

‘ನಿನ್ನ ಕಣ್ಣಿನದೇ ದೋಷ’ ಎಂದ ಲಿಗೋರಿ,
ಶುವೈಖ್ ಬಂದರಿನ ರಾತ್ರಿಪಾಳಿಗೆ ಬೂಟು ಬಿಗಿಯುತ್ತ.
ಕೆಳಗೆ ಹಾರಿಸ್ ಶಾಬಾನ್, ಚಹಾ ಹೀರಿ,
‘ಮಾಫಿ ಮುಶ್ಕಿಲ್, ಮದಾಮ್’ ಎಂದ.
ಮಾಫಿ ಎಂದರೆ ಇಲ್ಲಿ ಕ್ಷಮೆಯಲ್ಲ,
ಇಲ್ಲ ಎಂದು, ಅಷ್ಟೆ.

ಆಗಸ್ಟ್. ಸಾಲ್ಮಿಯಾದ ನಮ್ಮ ಶಾಲೆಗೆ ರಜೆ,
ಲ್ಯಾಬಿನ ಬೀರುವಿನ ಕೀಲಿ ನನ್ನ ಬಳಿ.
ಹತ್ತನೆಯ ‘ಬಿ’ಯವರು ಗುಂಡಿಯೊಂದನ್ನು ಕಿತ್ತ
ಆಸಿಲೋಸ್ಕೋಪನ್ನು ದುಪ್ಪಟಿಯಲ್ಲಿ ಸುತ್ತಿ ತಂದೆ.
ಟ್ಯಾಕ್ಸಿಯವ ಕೇಳಿದ: ಟೀವಿಯೇ?
ಹೌದೆಂದೆ. ಒಂದೇ ಚಾನೆಲ್ಲಿನದು.

ನೇರ ಗೋಡೆಗೆ ತಾಗಿಸುವಷ್ಟು ಹುಚ್ಚಿಯಲ್ಲ.
ಹಳೆಯ ಕರೆಗಂಟೆಯ ಟ್ರಾನ್ಸ್‌ಫಾರ್ಮರನ್ನು ನಡುವೆ ಕೂರಿಸಿದೆ;
ಇನ್ನೂರನಲವತ್ತು ಬಾಗಿ, ಹನ್ನೆರಡಾಗಿ, ಒಳಗೆ ಬಂತು.
ಹಸಿರು ದಿಬ್ಬ, ಹಸಿರು ತಗ್ಗು, ಸೆಕೆಂಡಿಗೆ ಐವತ್ತು,
ಅಚ್ಚಿನಿಂದ ಇಳಿಸಿಟ್ಟ ಹಾಗೆ.
ಇಷ್ಟು ನಯವಾದದ್ದನ್ನು ನಾನು ನಂಬುವುದಿಲ್ಲ.

ನೋಡುತ್ತ ಕೂತರೆ ಬರುವುದಿಲ್ಲ ಅದು,
ಹಾಲು ಉಕ್ಕುವುದು ಬೆನ್ನು ತಿರುಗಿಸಿದಾಗಲೇ.
ಅದಕ್ಕೇ ಟ್ರಿಗರ್.
ದಿಬ್ಬ ಇಷ್ಟಕ್ಕಿಂತ ಕುಗ್ಗಿದರೆ ಮಾತ್ರ ಎಚ್ಚರವಾಗು,
ಕಂಡದ್ದನ್ನು ಹಿಡಿದಿಡು, ಹೊತ್ತು ಬರೆದಿಡು.
ನನಗಿಂತ ಒಳ್ಳೆಯ ಸಾಕ್ಷಿ:
ಗಂಡನ ಎದುರು ಹೇಳಿಕೆ ಬದಲಿಸುವುದಿಲ್ಲ.

ಬೆಳಿಗ್ಗೆ ಸಿಕ್ಕಿತ್ತು.
ಸಾಲಾಗಿ ಮೂರು ದಿಬ್ಬಗಳಿಗೆ ನೆತ್ತಿಯೇ ಇಲ್ಲ,
ಕಾವಲಿಯಿಂದ ಏಳುವ ಮೊದಲೇ
ಯಾರೋ ಮುರಿದುಕೊಂಡ ದೋಸೆಯಂಚು.
ಅರವತ್ತು ಮಿಲಿಸೆಕೆಂಡು.

ಲಿಗೋರಿಯ ಡ್ಯೂಟಿ ಚೀಟಿಯ ಬೆನ್ನಲ್ಲಿ ಬರೆಯುತ್ತ ಹೋದೆ.
ಹಗಲಿನವು ಹತ್ತಾರು, ತಲೆಬುಡವಿಲ್ಲದವು.
ಇರುಳಿನದು ಒಂದೇ:
ಭಾನುವಾರ ಮೂರೂ ಹತ್ತು. ಸೋಮವಾರ ಮೂರೂ ಹತ್ತು.
ಮಂಗಳವಾರ ಮೂರೂ ಹನ್ನೊಂದು.
ತಂತಿಗೆ ಗಂಟೆ ಗೊತ್ತಿಲ್ಲ. ಮನುಷ್ಯರಿಗೆ ಗೊತ್ತು.

ಬುಧವಾರ ಬಾಗಿಲು ಓರೆ ಮಾಡಿ ನಿಂತೆ.
ಲಿಫ್ಟು ಗೊರಗುಟ್ಟಿತು, ನನ್ನ ದೀಪ ಮಿಟುಕಿತು.
ಐದರಲ್ಲಿ ತಂಗಿ, ಮತ್ತೆ ಎದ್ದು, ತಾರಸಿಗೆ ಹೋಯಿತು.
ಮೆಟ್ಟಿಲು ಹತ್ತಿದೆ, ಚಪ್ಪಲಿ ಕೈಯಲ್ಲಿ.
ಮೇಲೆ, ಹಿಂಡದ ಬಟ್ಟೆಯಂತೆ ಮುಖಕ್ಕಂಟುವ ಗಾಳಿ.
ನೀರಿನ ತೊಟ್ಟಿಗಳ ನಡುವೆ
ಐದನೆಯ ಮಹಡಿಯ ಮನೆಗೆಲಸದವಳು,
ಫೋನಿನ ಬೆಳಕಿಗೆ ಅಂಗೈ ಮರೆ ಹಿಡಿದು:
‘ಪುತಾ… ಪುತಾ…’
ಉಳಿದ ಸಿಂಹಳ ತಿಳಿಯಲಿಲ್ಲ. ಅದೊಂದು ತಿಳಿಯಿತು.
ಅವಳ ದೇಶದಲ್ಲಿ ಆಗ ಐದೂ ನಲವತ್ತು,
ಶಾಲೆಯ ಹುಡುಗನನ್ನು ಎಬ್ಬಿಸುವ ಹೊತ್ತು.

ಗುರುವಾರ ಶಾಬಾನನ ಎದುರು ಚಿತ್ರ ಹರಡಿದೆ.
ಎಲೆಕ್ಟ್ರಿಷಿಯನ್ ಬಂದು ಮೀಟರು ಕೋಣೆಯ ಮುಚ್ಚಳ ತೆಗೆದ:
ನ್ಯೂಟ್ರಲ್ಲಿನ ತಿರುಪು ಸಡಿಲ, ತಾಮ್ರ ಸುಟ್ಟು ಕಪ್ಪು.
ಲಿಫ್ಟು ಎಳೆದಾಗಲೆಲ್ಲ ಕೈಬಿಡುತ್ತಿತ್ತು.
ಹೊಸ ಕ್ಲ್ಯಾಂಪು, ಒಂದೂವರೆ ಸುತ್ತು.
‘ಯಾವ ಹೊತ್ತಿಗೆ ಆಗುತ್ತಿತ್ತು?’
ಶಾಬಾನನಿಗೆ ಪುಸ್ತಕದಲ್ಲಿ ಬರೆಯಬೇಕು.
ಅವನ ಮೇಜಿನ ಮೇಲೆ
ಪ್ಲಾಸ್ಟಿಕ್ಕೂ ಬಿಚ್ಚದ ಒಂದು ಬೀಗವಿತ್ತು.
‘ಹೊತ್ತು ಗೊತ್ತು ಏನೂ ಇಲ್ಲ’ ಎಂದೆ.
ಮೂರೂ ಹತ್ತರ ಚೀಟಿ ನನ್ನ ಅಕ್ಕಿ ಡಬ್ಬಿಯಲ್ಲಿತ್ತು.

ಈಗ ಒಲೆ ಏನನ್ನೂ ಮರೆಯುವುದಿಲ್ಲ.
‘ನಾನು ಹೇಳಿರಲಿಲ್ಲವೇ’ ಎನ್ನುತ್ತಾನೆ ಲಿಗೋರಿ,
ಏನು ಹೇಳಿದ್ದನೋ.
ಯಂತ್ರ ಹಿಂದಿರುಗಿಸಲು ಇನ್ನೆರಡು ದಿನ.
ಮಲಗುವ ಮುನ್ನ ಟ್ರಿಗರಿನ ಗೆರೆಯನ್ನು
ದಿಬ್ಬದ ನೆತ್ತಿಗೆ ಕೂದಲೆಳೆ ಅಂತರದಲ್ಲಿ ಇಟ್ಟೆ.

ಬೆಳಿಗ್ಗೆ ಎಲ್ಲ ದಿಬ್ಬಗಳೂ ಇಡಿಯಾಗಿದ್ದವು.
ಒಂದೆಡೆ ಮಾತ್ರ ಉಗುರಿನಂಚಿನಷ್ಟು ತಗ್ಗಿ,
ತಗ್ಗು ಬಾಗಿಲಲ್ಲಿ ತಲೆ ಬಾಗಿಸಿ ದಾಟುವವರ ಹಾಗೆ.
ಮೂರೂ ಒಂಬತ್ತು.
ಒಂದು ನಿಮಿಷ ಬೇಗ.
ಹುಡುಗನಿಗೆ ಇವತ್ತು ಪರೀಕ್ಷೆಯೇನೋ.